ಗೋಪುರಕ್ಕೊಂದು ಹೊಸ್ತಿಲು

ಮೂರು ಗೋಪುರಗಳ ಊರು ಅದು, ಸ್ವಾನೇತಿಯ ಮೇಲ್ಗಡೆ,
ರಸ್ತೆ ಮುಗಿದ ಮೇಲೂ ಎರಡು ತಾಸು.
ಹಗೆ ಬೆನ್ನಟ್ಟಿ ಬಂದಾಗ ಏಣಿ ಮೇಲೆಳೆದುಕೊಂಡು
ಜೀವ ಉಳಿಸಿಕೊಳ್ಳಲೆಂದು ಕಟ್ಟಿದ ಕಲ್ಲು;
ಈಗ ನೆತ್ತಿಯ ಮೇಲೆ ನನ್ನ ಬೂದು ತಟ್ಟೆಗಳು
ಒಂದನ್ನೊಂದು ದಿಟ್ಟಿಸುತ್ತವೆ.

ಕಳೆದ ಬೇಸಿಗೆ ಎಲ್ಲವನ್ನೂ ಬ್ರಿಡ್ಜ್ ಮಾಡಿ ಹೋಗಿದ್ದೆ.
ಸುಲಭದ ಕೆಲಸ. ಊರಿಗೆಲ್ಲ ಒಂದೇ ಪಡಸಾಲೆ:
ಬಿಮುರ್ಜಾನ ಅತಿಥಿಗೃಹದಲ್ಲಿ ಪ್ರಿಂಟರ್ ಕೆಮ್ಮಿದರೆ
ಶಾಲೆಯ ಕಂಪ್ಯೂಟರ್ ತಲೆಯೆತ್ತಿ ನೋಡುತ್ತಿತ್ತು.
ನಾನೂ ಬೀಗಿದೆ ಅನ್ನಿ. ಸೇತುವೆ ಅಂದರೆ ಯಾರಿಗೆ ಬೇಡ!

ಅಕ್ಟೋಬರಿನಲ್ಲಿ ಸಿದೋನಿಯಾ ಟೀಚರ ಫೋನು:
"ಮಕ್ವಾಲಾ, ಎಲ್ಲ ದೀಪ ಉರಿಯುತ್ತಿವೆ,
ಏನೂ ನಡೆಯುತ್ತಿಲ್ಲ."

ಬಂದು ನೋಡಿದೆ. ಮಿಣುಕುವುದಲ್ಲ ಅದು,
ಚಳಿಜ್ವರದ ಹಲ್ಲುಗಳ ಕಟಕಟ.
ಒಂದೇ ಪ್ರಶ್ನೆ ಊರು ಸುತ್ತುತ್ತಿತ್ತು:
"ಹದಿನೇಳನೇ ನಂಬರು ಯಾರದು? ಯಾರದು? ನನಗೆ ಹೇಳಿ."
ಕೇಳಿದವರೆಲ್ಲ ಮುಂದಿನವರಿಗೆ ದಾಟಿಸಿ,
ಅದು ತಿರುಗಿ ಬಂದು, ಹೊಸ ಮಾತೆಂದು ಮತ್ತೆ ದಾಟಿಸಿ,
ಒಂದು ಎರಡಾಗಿ, ಎರಡು ಲಕ್ಷವಾಗಿ,
ಉತ್ತರ ನುಸುಳಲು ಎಡೆಯಿಲ್ಲ.
ಸೇತುವೆಯ ಮೇಲಿನ ಮಾತಿಗೆ ಮುಪ್ಪಿಲ್ಲ, ಸಾವಿಲ್ಲ.
ಚಾಡಿಗೆ ಇದಕ್ಕಿಂತ ಒಳ್ಳೆಯ ಊರು ಸಿಗಲಿಕ್ಕಿಲ್ಲ.

ಎಲ್ಲೋ ಒಂದು ಸುತ್ತು ಕೂಡಿಕೊಂಡಿದೆ ಅಂತ
ಗೋಡೆ ತಡವುತ್ತ ಹೋದೆ.
ಬಿಮುರ್ಜಾನ ಕೊಟ್ಟಿಗೆಯಿಂದ ಜೋಕಿಯಾನ ಕೊಟ್ಟಿಗೆಗೆ,
ಗೊಬ್ಬರದ ಗುಂಡಿಯ ಅಂಚಿನಲ್ಲಿ, ಹುಲ್ಲಿನಡಿ,
ನಲವತ್ತು ಮೀಟರ್ ನೀಲಿ ಕೇಬಲ್.
ಆ ಎರಡು ಮನೆ ಮಾತು ಬಿಟ್ಟು ಮೂವತ್ತೊಂದು ವರ್ಷ,
ಒಂದು ಎತ್ತಿನ ದೆಸೆಯಿಂದ.
ಎಳೆದವರು ಮೊಮ್ಮಕ್ಕಳು. ರಾತ್ರಿ ಆಟವಾಡಲಿಕ್ಕೆ, ಅಂದರು.
ಹುಡುಗಿಯ ಕಿವಿ ಕೆಂಪಾಗಿತ್ತು.
ನಾನು ಹೆಚ್ಚು ಕೇಳಲಿಲ್ಲ.

ಕಿತ್ತೆ. ಊರು ಉಸಿರು ಬಿಟ್ಟಿತು.
ಆಮೇಲೆ ಒಲೆಯ ಪಕ್ಕ ಲ್ಯಾಪ್‌ಟಾಪ್ ತೆರೆದು
ಬ್ರಿಡ್ಜುಗಳನ್ನು ಒಂದೊಂದಾಗಿ ಬಿಚ್ಚಿದೆ.
ಗೋಪುರಕ್ಕೊಂದು ರೂಟರ್, ಮನೆಗೊಂದು ಅಂಕೆ:
ಹತ್ತು ಬಿಮುರ್ಜಾನಿಗೆ, ಇಪ್ಪತ್ತು ಶಾಲೆಗೆ,
ಮೂವತ್ತು ಜೋಕಿಯಾನಿಗೆ.
ನಿಮ್ಮ ಕೂಗು ನಿಮ್ಮ ಹೊಸ್ತಿಲೊಳಗೆ.
ಹೊರಗೆ ಹೊರಟರೆ ವಿಳಾಸ ಬೇಕು,
ಜೊತೆಗೆ ಅರುವತ್ತನಾಲ್ಕು ಉಸಿರಿನ ಬುತ್ತಿ;
ಬಾಗಿಲು ದಾಟಿದಂತೆ ಒಂದೊಂದೇ ಕಳೆದು
ಮುಗಿದಲ್ಲಿ ಮುಗಿಯುತ್ತದೆ ಮಾತು. ಪುಣ್ಯ.

"ಹಾಗಾದರೆ ನಮ್ಮ ಆಟ?" ಹುಡುಗ ಪಿಸುಗುಟ್ಟಿದ.
ಹೆಸರು ಹಿಡಿದು ಕರೆ, ಅಂದೆ,
ಊರಿಗೆಲ್ಲ ಕೇಳುವಂತೆ ಕೂಗಬೇಡ.

ರೂಟರಿಗೆ ಇಡೀ ದಾರಿ ಗೊತ್ತಿರುವುದಿಲ್ಲ.
ಮುಂದಿನ ಮನೆ ಯಾವುದು, ಅಷ್ಟೇ.
ಗೊತ್ತಿಲ್ಲದ ಲೋಕಕ್ಕೆಲ್ಲ ಒಂದೇ ಸಾಲು ಬರೆಯುತ್ತೇವೆ:
ಎಲ್ಲಾ ಸೊನ್ನೆ. ಹೋಗಿ ಶಾಲೆಯವರನ್ನು ಕೇಳು.

ನೀಲಿ ಕೇಬಲ್ಲನ್ನು ಎಸೆಯಲು ಮನಸ್ಸು ಬರಲಿಲ್ಲ.
ಮತ್ತೆ ಸಿಕ್ಕಿಸಿದೆ, ದೂರ ಇನ್ನೂರು ಎಂದು ಸುಳ್ಳು ಬರೆದು:
ಬೇರೆಲ್ಲ ಮುಚ್ಚಿದಾಗ ಮಾತ್ರ
ನೆನಪಾಗುವಷ್ಟು ದೂರ.

ಬಿಮುರ್ಜಾ ಕುಬ್ದಾರಿ ಮುರಿದು ಕೈಗಿಟ್ಟ.
"ನನ್ನ ತಟ್ಟೆಗೆ ಹಿಮ ಮೆತ್ತಿದರೆ?"
"ನಿಮ್ಮ ಮಾತು ಜೋಕಿಯಾನ ಮನೆ ಹಾದು ಹೋಗುತ್ತದೆ."
ಬಹಳ ಹೊತ್ತು ಅಗಿದ.
"ಅವನಿಗೆ ಕೇಳಿಸುತ್ತದೆಯೇ?"
"ಇಲ್ಲ. ದಾಟಿಸುತ್ತಾನೆ, ಅಷ್ಟೇ."
"ಕರೆಂಟು ಹೋದರೆ ಪೆಟ್ಟಿಗೆ ಇದನ್ನೆಲ್ಲ ಮರೆಯುತ್ತದೋ?"
"ಸೇವ್ ಮಾಡದಿದ್ದರೆ ಮರೆಯುತ್ತದೆ."
"ಎತ್ತಿನದನ್ನು," ಅಂದ, "ನಮ್ಮಪ್ಪ ಸೇವ್ ಮಾಡಿಟ್ಟು ಸತ್ತ."

ಹೊರಗೆ ಹಿಮ ಶುರುವಾಗಿತ್ತು, ನುಣ್ಣಗೆ, ಉಪ್ಪಿನ ಹಾಗೆ.
ತಟ್ಟೆಯ ಅಂಚು ಆಗಲೇ ಬೆಳ್ಳಗೆ.
ಕೊನೆಯ ಸಾಲು ಹೊಡೆದು ಎಂಟರ್ ಒತ್ತಿದೆ. ಅದು ಕೇಳಿತು:
ಹಳೆಯದನ್ನು ಅಳಿಸಿ ಬರೆಯಲೇ?

ಬಿಮುರ್ಜಾನ ಮುಖ ನೋಡಿದೆ.
ಅವನು ಕನ್ನಡಕ ಹುಡುಕುತ್ತಿದ್ದ.