ಜೋಡಿ ಲೆಕ್ಕ

ಬಾಗುವಾ ಗುಡ್ಡದ ನೆತ್ತಿ. ಮಾರ್ಚ್ ಹತ್ತೊಂಬತ್ತು.
ಗಾಳಿ ತೆಂಕಣದಿಂದ, ಸಣ್ಣಗೆ.
ಮಡಚುವ ಕುರ್ಚಿ ಬಿಚ್ಚಿ ಕೂತಿದ್ದೇನೆ,
ಬಲಗೈಯಲ್ಲಿ ಎಣಿಕೆಯ ಯಂತ್ರ;
ಹೆಬ್ಬೆರಳು ಒತ್ತಿದರೆ ಒಂದು ಟಿಕ್ಕು, ಒಂದು ಹಕ್ಕಿ.

ಪಕ್ಕದಲ್ಲಿ ತೂಛುನ್, ರೈಲ್ವೆಯಲ್ಲಿ ಸಿಗ್ನಲ್ ಕಾದವನು,
ಮೂವತ್ತು ವರ್ಷ ಕತ್ತಲಲ್ಲಿ ಗಾಡಿ ದಾಟಿಸಿದ ಕಣ್ಣು.
"ಎದ್ದವು" ಎನ್ನುತ್ತಾನೆ. ನನಗಿನ್ನೂ ಬರೀ ಬಾನು.
ಆಮೇಲೆ ಕಾಣುತ್ತವೆ: ಬಿದಿರುಮೆಳೆಯಿಂದ ಹತ್ತು, ಇಪ್ಪತ್ತು,
ಇಬ್ಬನಿ ಕೊಡವಿ, ಬಿಸಿಗಾಳಿಯ ಸುಳಿಗೆ ಎದೆ ಒರಗಿಸಿ
ಬುಗುರಿಯ ಹಾಗೆ ಮೇಲೆ, ಇನ್ನೂ ಮೇಲೆ.
ಬೂದುಮೋರೆಯ ಗಿಡುಗ;
ನಮ್ಮ ಕಡೆಯ ಬಾಯಲ್ಲಿ ತೆಂಕಣದಾರಿಯ ಹದ್ದು.

ಸುತ್ತುವಾಗ ಎಣಿಸಬಾರದು. ಅದು ಮೊದಲ ಪಾಠ.
ಸುಳಿಯೊಳಗೆ ಯಾವುದು ಯಾವುದೋ ದೇವರಿಗೂ ತಿಳಿಯದು.
ಕಾಯಬೇಕು. ತುದಿ ಮುಟ್ಟಿದ್ದೇ ಒಂದು ರೆಕ್ಕೆ ಬಿಗಿದು
ಬಡಗಣಕ್ಕೆ ಜಾರುತ್ತದೆ, ಹಿಂದೆ ಇನ್ನೊಂದು, ಮತ್ತೊಂದು,
ಸೂಜಿಯ ಕಣ್ಣಿಂದ ದಾರ ಹೊರಟ ಹಾಗೆ.
ಆಗ ಟಿಕ್ಕು. ಟಿಕ್ಕು. ಟಿಕ್ಕು.

ಕಾಲೇಜಿನ ಹುಡುಗಿ ಯುನ್‌ಝೆನ್ ಕೇಳಿದಳು:
"ಚಿಕ್ಕಮ್ಮ, ಬೆರಳು ಒಂದು ಒತ್ತುವಾಗ
ನಿಮ್ಮ ನಾಲಿಗೆ ಯಾಕೆ ಎರಡು ಅನ್ನುತ್ತದೆ?
ಎರಡು, ನಾಲ್ಕು, ಆರು, ಎಂಟು..."

ಚಹಾ ಬಗ್ಗಿಸುತ್ತಿದ್ದೆ. ಸ್ವಲ್ಪ ಚೆಲ್ಲಿತು.

ಮನೆಯ ಹಿಂದೆ ಅಪ್ಪನ ಷೆಡ್ಡು.
ಹತ್ತಿ, ತಂತಿ, ಪಾಷಾಣದ ಸೋಪು.
ರಾತ್ರಿ ಬಿದಿರಿಗೆ ಟಾರ್ಚು ಹಿಡಿದು ಹೋದವರು
ಬೆಳಿಗ್ಗೆ ಚೀಲ ಸುರಿದು ಹೋಗುತ್ತಿದ್ದರು.
ಹತ್ತು ಸಾವಿರ ಬಂದರೆ ಒಂಬತ್ತು ಸಾವಿರ ಸಾವು,
ಮೋಡ ನೋಡಿ ಮಳೆ ಹೇಳುವಷ್ಟು ಸಲೀಸಾಗಿ
ಎಲ್ಲರೂ ಹೇಳುತ್ತಿದ್ದ ಗಾದೆ ಅದು.
ಜಪಾನಿಗೆ ಹೋಗುತ್ತಿದ್ದವು, ಯಾರದೋ ಬೀರುವಿನ ಮೇಲೆ
ರೆಕ್ಕೆ ಬಿಚ್ಚಿ ನಿಲ್ಲುವುದಕ್ಕೆ.

ನನಗೆ ಎಂಟು ವರ್ಷ. ಸಣ್ಣ ಬೆರಳು.
ಕಣ್ಣು ಕೂರಿಸುವುದು ನನ್ನ ಪಾಲಿನ ಕೆಲಸ.
ತಗಡಿನ ಡಬ್ಬಿ ತುಂಬ ಅರಿಶಿನ ಬಣ್ಣದ ಗಾಜು.
ಸಂಜೆ ಅಪ್ಪ "ಹಕ್ಕಿ ಎಷ್ಟಾಯಿತು" ಅನ್ನುತ್ತಿರಲಿಲ್ಲ,
"ಕಣ್ಣು ಎಷ್ಟು ಹೋಯಿತು?" ಅನ್ನುತ್ತಿದ್ದ.
ಹಕ್ಕಿ ಪುಕ್ಕಟೆ. ಕಣ್ಣಿಗೆ ದುಡ್ಡು ಕೊಡಬೇಕಿತ್ತು.

ದರ್ಜಿ ಗುಂಡುಸೂಜಿ ಕಚ್ಚಿಕೊಳ್ಳುವ ಹಾಗೆ
ನಾನೂ ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದೆ ಜೋಡಿ ಜೋಡಿ.
ಒಂದು ದಿನ ಬಿಕ್ಕಳಿಕೆ ಬಂದು ಒಂದನ್ನು ನುಂಗಿದೆ.
ಹೊಡೆಯುತ್ತಾನೆಂದು ಮೂಲೆ ಸೇರಿದ್ದೆ.
ಅಪ್ಪ ನಕ್ಕ: "ಇನ್ನು ನಿನಗೆ ಒಳಗಿಂದಲೂ ಕಾಣುತ್ತೆ ಬಿಡು."
ಒಕ್ಕಣ್ಣಿನ ಗಿಡುಗಕ್ಕೆ ಮೋರೆ ಓರೆ ಮಾಡಿಸಿ
ಗೋಡೆಯ ಕಡೆಗೆ ತಿರುಗಿಸಿ, ಅದನ್ನೂ ಮಾರಿದ.
ಒಳ್ಳೆಯವನೇ. ಆ ಕೈ
ನನ್ನ ಜಡೆಯನ್ನೂ ಹೆಣೆಯುತ್ತಿತ್ತು.

ಇದನ್ನೆಲ್ಲ ಯುನ್‌ಝೆನ್‌ಗೆ ಹೇಳಲಿಲ್ಲ.
"ಹಳೇ ಅಭ್ಯಾಸ" ಅಂದೆ, ಅಷ್ಟೆ.
ಚಿಂಗ್‌ಮಿಂಗ್‌ಗೆ ಎರಡು ವಾರವಿದ್ದರೂ
ಇಳಿಜಾರಿನ ಗೋರಿಗಳಲ್ಲಿ ಆಗಲೇ ಹುಲ್ಲು ಸವರುತ್ತಿದ್ದಾರೆ,
ಕಾಗದದ ಹಣ ಸುಟ್ಟ ಹೊಗೆ ಮೇಲೇರಿ
ದುರ್ಬೀನಿಗೆ ಪೊರೆ ಕಟ್ಟುತ್ತದೆ.
ಆ ಹೊಗೆಯ ಅಂಚಲ್ಲೆಲ್ಲೋ ಅಪ್ಪನ ಕಲ್ಲು.
ಈ ಹಕ್ಕಿಗಳನ್ನೂ ಜನ
ಗೋರಿ ಗುಡಿಸಲು ಬರುವವು ಅನ್ನುತ್ತಾರೆ.
ಯಾರ ಗೋರಿ ಎಂದು ಯಾರೂ ಕೇಳಿಲ್ಲ.

ಹತ್ತೂವರೆಗೆ ಬಾನು ಬರಿದಾಯಿತು.
ನನ್ನ ನಾಲಿಗೆಯ ಮೇಲೆ
ಎರಡು ಸಾವಿರದ ನಾನೂರ ಇಪ್ಪತ್ತಾರು;
ಯಂತ್ರದಲ್ಲಿ ಸಾವಿರದ ಇನ್ನೂರ ಹದಿಮೂರು.
ತೂಛುನ್‌ನ ಯಂತ್ರದಲ್ಲಿ ಒಂದು ಕಮ್ಮಿ.
"ತಪ್ಪಿದ್ದು ನಾನೋ ನೀನೋ" ಎಂದು ಕತ್ತು ತುರಿಸಿದ;
ಗಾಡಿಯ ವಿಷಯದಲ್ಲಿ ಅವನಿಗೆ ಎಂದೂ ಹೀಗಾಗಿರಲಿಲ್ಲ.
ಹೊಂದದಿದ್ದರೆ ಕಡಿಮೆಯದನ್ನು ಬರೆಯಿರಿ,
ನಮ್ಮ ತಂಡದ ಕಟ್ಟಳೆ ಹಾಗಿದೆ.

ಬರೆದೆ. ಹನ್ನೆರಡು.
ಹೆಚ್ಚಿನ ಒಂದು
ಯಾವ ಪುಸ್ತಕಕ್ಕೂ ಸಿಗದೆ
ಈ ಹೊತ್ತಿಗೆ ಕಡಲ ಮೇಲಿರಬೇಕು.
ಕುರ್ಚಿ ಮಡಚಿದೆ. ಫ್ಲಾಸ್ಕಿನಲ್ಲಿ ಉಳಿದ ಚಹಾ
ತೂಛುನ್‌ಗೆ ಅರ್ಧ, ನನಗೆ ಅರ್ಧ.