ಭೋಸರಿ, ನಲವತ್ತು ಡಿಗ್ರಿ

ಮುಪ್ಪು ತಡೆಯುವ ಕ್ರೀಮಿಗೆ
ಮುಪ್ಪು ಬರಿಸುವುದು ನನ್ನ ಕೆಲಸ.
ಸ್ಟೀಲಿನ ಕಪಾಟು, ಗಾಜಿನ ಕಿಂಡಿ,
ಒಳಗೆ ಸದಾ ನಲವತ್ತು ಡಿಗ್ರಿ, ಶೇಕಡಾ ಎಪ್ಪತ್ತೈದು ತೇವ,
ಮಳೆ ಬಾರದ ಮೇ ತಿಂಗಳ ಮಧ್ಯಾಹ್ನವೊಂದನ್ನು
ಬೀಗ ಹಾಕಿ ಇಟ್ಟ ಹಾಗೆ.
ಆರು ತಿಂಗಳು ಅಲ್ಲಿ ಕೂತರೆ
ಎರಡು ವರ್ಷ ಬಾಳಿದಂತೆ ಲೆಕ್ಕ.
ಯಾರ ಲೆಕ್ಕವೋ. ನಾನು ಸಹಿ ಹಾಕುತ್ತೇನೆ.

ಈ ಸಲದ್ದು ಒಂದೆಲಗ.
ಎಲೆಯನ್ನು ನಾನು ಕಂಡವಳಲ್ಲ; ಅಥಣಿ ಕಡೆಯ ನಮಗೆ
ಅದು ಬರೀ ಹೆಸರು. ಬಂದದ್ದು ಐದು ಕಿಲೋ ಕ್ಯಾನಿನಲ್ಲಿ,
ಕಾಕಂಬಿಯಂಥ ಕಪ್ಪು ಸಾರ, ಮೂಸಿದರೆ
ತೊಯ್ದ ಗೋಣಿಚೀಲ.
ನೂರು ಕಿಲೋ ಕ್ರೀಮಿಗೆ ಇನ್ನೂರು ಗ್ರಾಂ.
ಡಬ್ಬಿಯ ಮೇಲೆ ಮಾತ್ರ ಎಲೆ
ಅಂಗೈಯಷ್ಟು ದೊಡ್ಡದು.

ಬೀಕರು ತೊಳೆಯುತ್ತ ಸುಲಭಾ ಗವಸ್ ನಕ್ಕಳು:
ಸಾವಂತವಾಡಿಯ ಅವಳ ಬಾವಿಕಟ್ಟೆಗೆಲ್ಲ ಇದೇ ಹಬ್ಬಿದೆಯಂತೆ,
ಏಕಪಾನಿ ಅನ್ನುತ್ತಾರಂತೆ.
ಒಂದು ಎಲೆ, ಏಕ್ ಪಾನ್. ಬೆರಳೆತ್ತಿ ಎಣಿಸಿದೆವು,
ಎರಡೂ ಭಾಷೆಯಲ್ಲಿ ಒಂದೇ.
'ನೆನಪಿಗೆ ಒಳ್ಳೇದು' ಅಂದಳು.
ಮೂರನೇ ತಿಂಗಳಿಗೆ ಅದು
ತನ್ನ ಹಸಿರನ್ನೇ ಮರೆತಿತ್ತು.

ಬಿಳಿ ಟೈಲಿನ ಮೇಲಿಟ್ಟು ನೋಡಿದೆ.
ಕಲಸಿದ ದಿನ ಹೆಸರುಕಾಳಿನ ಸಿಪ್ಪೆಯಂತಿದ್ದದ್ದು
ಈಗ ಹಳೇ ಪಂಚಾಂಗದ ಅಂಚು.
ವಾಸನೆಯೇನೋ ಗುಲಾಬಿಯದೇ, ಅದಕ್ಕೆ ವಯಸ್ಸಾಗುವುದಿಲ್ಲ;
ಅದು ಬೇರೆ ಕ್ಯಾನಿನದು.
ಟಿಳೇಕರ್ ಸಾಹೇಬರು ಇಣುಕಿ,
'ಎರಡು ಹನಿ ಹಸಿರು ಬಣ್ಣ ಹಾಕಿದರಾಯ್ತು' ಅಂದರು.
ಅವರ ತಲೆ ಹೋದ ಭಾನುವಾರದಿಂದ ಕಡುಗಪ್ಪು.
ನಾನು ಏನೂ ಅನ್ನಲಿಲ್ಲ.

ಗುರುವಾರ ಇಲ್ಲಿ ಕರೆಂಟಿಲ್ಲದ ದಿನ.
ಡೀಸೆಲ್ ತರಲು ಹೋದ ಜನರೇಟರಿನ ಹುಡುಗ
ನಾಲ್ಕು ತಾಸು ಬರಲಿಲ್ಲ.
ಕಪಾಟಿನ ಗುಂಯ್ ನಿಂತಿತು.
ಕಿಂಡಿಯೊಳಗೆ ಪಾದರಸ ಇಳಿಯತೊಡಗಿತು,
ಮೂವತ್ತೆಂಟು, ಮೂವತ್ತೈದು, ಮೂವತ್ತೊಂದು.
ಮೊಬೈಲಿನ ಬೆಳಕು ಹಿಡಿದು ಸ್ಟೂಲಿನ ಮೇಲೆ ಕೂತು
ಆ ಡಬ್ಬಿಗಳು ಸುಮ್ಮನೆ ತಣ್ಣಗಾಗುವುದನ್ನು ನೋಡಿದೆ,
ಯಾರೂ ಅವಸರಪಡಿಸದೆ
ಒಂದು ತಾಸಿಗೆ
ಒಂದೇ ತಾಸು ಕಳೆಯುವುದನ್ನು.

ರಿಜಿಸ್ಟರಿನಲ್ಲಿ: ವ್ಯತ್ಯಯ, ನಾಲ್ಕು ತಾಸು, ಕಾರಣ ಡೀಸೆಲ್.
ಬಣ್ಣದ ಕಾಲಮಿಗೆ 'ಬದಲಾವಣೆ ಇಲ್ಲ' ಎಂಬ ರಬ್ಬರ್ ಠಸ್ಸೆ ಇದೆ.
ಇಂಕು ಒಣಗಿದೆ ಎಂದು ನನಗೆ ನಾನೇ ನೆಪ ಹೇಳಿ
ಕೈಯಿಂದ ಬರೆದೆ: ಒಣಹುಲ್ಲು.

ಗಣಪತಿಗೆ ಊರಿಗೆ ಹೋದಾಗ
ಬೇರುಸಮೇತ ಒಂದು ಬಳ್ಳಿ ತರುತ್ತಾಳಂತೆ ಸುಲಭಾ.
ಎಲೆ ನಿಜಕ್ಕೂ ಎಷ್ಟು ದೊಡ್ಡದು,
ನೋಡಬೇಕು.