ಮೈನಸ್ ಎಂಬತ್ತು

ಗುಳೇದಗುಡ್ಡದ ಮುರಿಗೆಪ್ಪ, ಖಣ ನೇಯುವವ,
ನಲವತ್ತೊಂದು ವರ್ಷ ತನ್ನದು ಓ ಎಂದೇ ತಿಳಿದಿದ್ದ.
ಕುಣಿಮಗ್ಗದಲ್ಲಿ ಕೂತು ಕೂತು ಸವೆದ ಸೊಂಟದ ಕೀಲು
ಬದಲಿಸಬೇಕೆಂದಾಗ
ನಮ್ಮ ಬಾಗಲಕೋಟೆಯ ರಕ್ತನಿಧಿಯಲ್ಲಿ ಬೆರೆಸಿ ನೋಡಿದೆ.
ಗಾಜಿನ ಮೇಲೆ ಮರಳಿನಂತೆ ಗರಣೆಗಟ್ಟಿತು.
ಮತ್ತೆ ನೋಡಿದೆ. ಮತ್ತೂ ಮರಳು.

'ಬಾಂಬೆ ಗುಂಪು' ಎಂದೆ.
'ನಾ ಸೊಲ್ಲಾಪುರ ದಾಟಿಲ್ರಿ ಮೇಡಂ' ಎಂದ.

ಯಾರದೂ ಅವನಿಗೆ ಹೊಂದದು.
ಅವನದನ್ನೇ ಅವನಿಗೆ ಕೂಡಿಡುವುದೆಂದಾಯಿತು, ಎರಡು ಚೀಲ.

ಗ್ಲಿಸರಿನ್ ಬೇಕು. ಅದೇ, ಚಳಿಗೆ ಒಡೆದ ತುಟಿಗೆ ಹಚ್ಚುವುದು.
ನೀರು ಹೆಪ್ಪಾದರೆ ಸೂಜಿಯಾಗುತ್ತದೆ,
ಒಳಗಿನಿಂದಲೇ ಕಣದ ಹೊಟ್ಟೆ ಸೀಳುತ್ತದೆ;
ಗ್ಲಿಸರಿನ್ ಅದಕ್ಕೂ ಮೊದಲೇ ಹೋಗಿ ಕೂತಿರಬೇಕು.
ಹನಿ ಹನಿಯಾಗಿ, ಅಲುಗಿಸುತ್ತ,
ಅಮೀನಗಡದವರು ಕರದಂಟಿನ ಪಾಕ ಕಾಯುವಷ್ಟು ಸಬೂರಿಯಿಂದ.
ಆಮೇಲೆ ಡಬ್ಬಿ, ಚೀಟಿ, ತಾರೀಖು,
ಮೈನಸ್ ಎಂಬತ್ತರ ಕಪಾಟು.
ಅಲ್ಲಿ ಹತ್ತು ವರ್ಷವೂ ಒಂದೇ ರಾತ್ರಿ.

ಹೊರಗೆ ಮೇ ತಿಂಗಳ ನಲವತ್ತೆರಡು.
ಕರೆಂಟು ಹೋದಾಗಲೆಲ್ಲ ಜನರೇಟರಿಗೆ ಕಿವಿಗೊಡುತ್ತೇನೆ,
ಕೂಸು ಮಲಗಿದ ಕೋಣೆಗೆ ಕೊಟ್ಟಂತೆ.
ತಿಂಗಳಿಗೊಮ್ಮೆ ಫೋನು: 'ಹೆಂಗದ ರೀ ನಮ್ಮದು?'
'ಮಲಗೇದ.'
'ದೀಪಾವಳಿ ತನಕ ಎಬ್ಬಿಸಬ್ಯಾಡ್ರಿ. ಈಗ ಮದುವಿ ಸೀಜನ್ನು, ಖಣಕ್ಕ ಗಿರಾಕಿ ಭಾಳ.'

ಮೊನ್ನೆ ರಾತ್ರಿ ಎರಡೂವರೆಗೆ ವಿಜಯಪುರದಿಂದ ಕರೆ.
ಹೆರಿಗೆ. ನಿಲ್ಲದ ರಕ್ತ.
ಹೆಸರು ಕೇಳಲಿಲ್ಲ, ಗುಂಪು ಕೇಳಿದೆ, ಎರಡು ಸಲ.

ಸಹಿ ಅವನದು. ಅವನನ್ನೇ ಕೇಳಬೇಕು.
ಮುರಿಗೆಪ್ಪ ಸುಮ್ಮನಿದ್ದ. ಹಿಂದೆ ಯಾರೋ ಕೆಮ್ಮಿದರು.
'ಮತ್ತ ನನಗ?'
'ಮತ್ತೊಮ್ಮೆ ತಗೋಬಹುದು. ಕಾಯಬೇಕಾಗ್ತದ.'
ಮತ್ತೆ ಸುಮ್ಮನೆ. ಇಟ್ಟೇಬಿಟ್ಟನೇನೋ ಅನ್ನುವಾಗ,
'ಅಷ್ಟು ಥಂಡಿ ರಕ್ತ ಬಾಣಂತಿಗಿ ಹೆಂಗ್ರಿ?
ಬೆಚ್ಚಗ ಮಾಡೇ ಕೊಡ್ರಿ.'

ಬೆಚ್ಚನೆ ನೀರಲ್ಲಿ ಚೀಲ ತೇಲಿತು, ಮೂವತ್ತೇಳು.
ಈಗ ಗ್ಲಿಸರಿನ್ ಹೊರಡಬೇಕು:
ಗಟ್ಟಿ ಉಪ್ಪುನೀರು, ತೆಳು ಉಪ್ಪುನೀರು, ಇನ್ನೂ ತೆಳು.
ಅವಸರ ಮಾಡಿದರೆ ಕಣ ಒಡೆದು ನೀರೆಲ್ಲ ಕೆಂಪು.
ಕೊನೆಯ ತೊಳೆನೀರನ್ನು ಬೆಳಕಿಗೆ ಹಿಡಿದೆ,
ಗುಲಾಬಿಯೋ ಅಲ್ಲವೋ ಅನ್ನುವಷ್ಟು. ನಡೆದೀತು.
ಎದ್ದ ಮೇಲೆ ಅದಕ್ಕೆ ಇಪ್ಪತ್ನಾಲ್ಕೇ ತಾಸು.
ಬೆಳಗಿನ ಜೀಪಿನಲ್ಲಿ ಕೊಲ್ಹಾರದ ಸೇತುವೆ ದಾಟಿ ಹೋಯಿತು.

ಕಪಾಟಿನ ಹಿಮದಲ್ಲಿ
ಎರಡು ಡಬ್ಬಿಯ ಆಕಾರವಷ್ಟೇ ಉಳಿದಿದೆ.
ರಿಜಿಸ್ಟರಿನ ಷರಾ ಕಾಲಮ್ಮಿಗೆ
ಏನು ಬರೆಯಬೇಕೆಂದು ತಿಳಿಯದೆ
ಬರೆದೆ: ಬೆಚ್ಚಗೆ ಮಾಡಿ ಕಳಿಸಿದೆ.